ಕಿಂಗ್ಡಾ ಕಾ ಕೆಡವಿದವರಿಗೆ, ಮುಂದೆ ಕೆಡವಲಿರುವವರಿಗೆ: ಒಂದು ಬಹಿರಂಗ ಪತ್ರ

ಸಿಕ್ಸ್ ಫ್ಲ್ಯಾಗ್ಸ್ ಸಂಸ್ಥೆಯ ಆಡಳಿತ ಮಂಡಳಿಗೆ, ಹಾಗೂ ರೋಲರ್ ಕೋಸ್ಟರ್ ನಡೆಸುವ ಎಲ್ಲ ಪಾರ್ಕ್‌ಗಳ ವ್ಯವಸ್ಥಾಪಕರಿಗೆ,

ಮಾನ್ಯರೇ,

2024ರ ನವೆಂಬರ್ 10ರ ಭಾನುವಾರ, ನ್ಯೂಜೆರ್ಸಿಯ ಜಾಕ್ಸನ್‌ನಲ್ಲಿರುವ ಸಿಕ್ಸ್ ಫ್ಲ್ಯಾಗ್ಸ್‌ನ ಗ್ರೇಟ್ ಅಡ್ವೆಂಚರ್ ಪಾರ್ಕ್‌ನಲ್ಲಿ ಕಿಂಗ್ಡಾ ಕಾ ಎಂಬ ರೋಲರ್ ಕೋಸ್ಟರ್ ಕೊನೆಯ ಸಲ ಓಡಿತು. ಅಂದು ಹತ್ತಿ ಇಳಿದವರಿಗೆ ಇದೇ ಕೊನೆ ಎಂದು ಯಾರೂ ಹೇಳಲಿಲ್ಲ. ಗಾಳಿಸುದ್ದಿ ಅದಕ್ಕೂ ಮೊದಲೇ ಹಬ್ಬಿತ್ತು, ಆದರೆ ಪಾರ್ಕ್ ಬಾಯಿ ಬಿಟ್ಟದ್ದು ನಾಲ್ಕು ದಿನ ಕಳೆದು, ನವೆಂಬರ್ 14ಕ್ಕೆ. ಆ ಪ್ರಕಟಣೆಯಲ್ಲಿ ಹೊಸ ಆಕರ್ಷಣೆಗಳ ಮಾತಿತ್ತು. ಯಂತ್ರದ ಯಾವ ಭಾಗ ಸವೆದಿತ್ತು, ವರ್ಷಕ್ಕೆ ಎಷ್ಟು ದಿನ ಕೆಟ್ಟು ನಿಲ್ಲುತ್ತಿತ್ತು, ದುರಸ್ತಿ ಏಕೆ ಸಾಧ್ಯವಾಗಲಿಲ್ಲ ಎಂಬುದರ ವಿವರ ಇರಲಿಲ್ಲ. 2025ರ ಫೆಬ್ರವರಿ 28ರ ಬೆಳಿಗ್ಗೆ ಸ್ಫೋಟಕ ಇಟ್ಟು ಗೋಪುರವನ್ನು ಉರುಳಿಸಲಾಯಿತು. ಅದೇ ಗೋಪುರಕ್ಕೆ 2014ರಲ್ಲಿ ಜೋಡಿಸಿದ್ದ 415 ಅಡಿಯ ಝುಮಾಂಜಾರೋ ಎಂಬ ಡ್ರಾಪ್ ರೈಡ್ (ಮೇಲಿನಿಂದ ನೇರ ಕೆಳಗೆ ಬೀಳಿಸುವ ಆಟ) ಕೂಡ ಜೊತೆಯಲ್ಲೇ ಹೋಯಿತು.

ನಮ್ಮ ಮಾತನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇವೆ. ಪದೇ ಪದೇ ಕೆಡುವ ಯಂತ್ರವನ್ನು ನಿಲ್ಲಿಸುವ ಹಕ್ಕು ನಿಮ್ಮದು. ಎಷ್ಟೋ ಸಲ ಅದು ನಿಮ್ಮ ಕರ್ತವ್ಯವೂ ಹೌದು. ನಿಲ್ಲಿಸುವ ಮುಂಚೆ ಜನರಿಗೆ ತಿಳಿಸಿ, ನಿಲ್ಲಿಸಿದ ಮೇಲೆ ಕಾರಣವನ್ನು ಅಂಕಿಗಳ ಸಮೇತ ಹೇಳಿ, ಯಂತ್ರದ ಮುಖ್ಯ ಭಾಗಗಳನ್ನು ಗುಜರಿಗೆ ಹಾಕದೆ ಉಳಿಸಿ. ಈ ಪತ್ರ ಕೇಳುವುದು ಇಷ್ಟನ್ನು.

ಕನ್ನಡದಲ್ಲಿ ಬರೆಯುವುದಕ್ಕೂ ಕಾರಣವಿದೆ. ನ್ಯೂಜೆರ್ಸಿಯಲ್ಲಿ ಕನ್ನಡ ಕುಟುಂಬಗಳು ಕಡಿಮೆ ಇಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು, ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುವ ಜಾಗಗಳಲ್ಲಿ ಜಾಕ್ಸನ್‌ನ ಪಾರ್ಕ್ ಕೂಡ ಒಂದು. ಕರ್ನಾಟಕದಲ್ಲೂ ರೋಲರ್ ಕೋಸ್ಟರ್‌ಗಳ ಬಗ್ಗೆ ಆಸಕ್ತಿಯಿಂದ ಓದುವ, ವಿಡಿಯೊ ನೋಡಿ ಲೆಕ್ಕ ಹಾಕುವ ಹುಡುಗ ಹುಡುಗಿಯರ ದೊಡ್ಡ ಬಳಗವಿದೆ. ಎಂದಾದರೂ ಒಮ್ಮೆ ಹತ್ತಬೇಕು ಎಂದು ಅವರಲ್ಲಿ ಅನೇಕರು ಮನಸ್ಸಿನಲ್ಲಿಟ್ಟುಕೊಂಡಿದ್ದ ಹೆಸರುಗಳಲ್ಲಿ ಕಿಂಗ್ಡಾ ಕಾ ಮೊದಲ ಸಾಲಿನಲ್ಲಿತ್ತು.

ಅದರ ಅಂಕಿಗಳು ಅಭಿಮಾನಿಗಳಿಗೆ ಬಾಯಿಪಾಠ. ಎತ್ತರ 456 ಅಡಿ, ಅಂದರೆ 139 ಮೀಟರ್. ನಿಂತಲ್ಲಿಂದ ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿಲೋಮೀಟರ್ ವೇಗ. ಹಳಿಯ ಉದ್ದ 3,118 ಅಡಿ, ಹೊರಟು ಬ್ರೇಕ್ ಮುಟ್ಟುವಷ್ಟರಲ್ಲಿ 28 ಸೆಕೆಂಡ್. 2005ರ ಮೇ 21ಕ್ಕೆ ತೆರೆದಾಗ ಅದು ಮುರಿದದ್ದು ಓಹಾಯೋದ ಸೀಡರ್ ಪಾಯಿಂಟ್‌ನ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ 2003ರಲ್ಲಿ ಮಾಡಿದ್ದ 420 ಅಡಿಯ ದಾಖಲೆಯನ್ನು. ಎರಡೂ ಇಂಟಮಿನ್ ಕಂಪನಿಯವು, ಎರಡಕ್ಕೂ ಒಂದೇ ಬಗೆಯ ಹೈಡ್ರಾಲಿಕ್ ಲಾಂಚ್, ಅಂದರೆ ಎಣ್ಣೆಯ ಒತ್ತಡದಿಂದ ರೈಲನ್ನು ಚಿಮ್ಮಿಸುವ ವ್ಯವಸ್ಥೆ. ಎರಡೂ ಕೆಡುತ್ತಿದ್ದದ್ದಕ್ಕೂ ಮೂಲ ಅಲ್ಲೇ ಇದೆ. ಆ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಎಂದು ತಿಳಿಯದೆ ಈ ವಿಷಯ ಮಾತಾಡುವುದು ಕಷ್ಟ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಪಂಪ್‌ಗಳು ಎಣ್ಣೆಯನ್ನು ಅಕ್ಯುಮ್ಯುಲೇಟರ್ ಎಂಬ ದಪ್ಪ ಉಕ್ಕಿನ ಸಿಲಿಂಡರ್‌ಗಳಿಗೆ ತುಂಬುತ್ತವೆ. ಸಿಲಿಂಡರಿನೊಳಗೆ ಒಂದು ಪಿಸ್ಟನ್, ಅದರ ಇನ್ನೊಂದು ಬದಿಗೆ ನೈಟ್ರೋಜನ್ ಅನಿಲ. ಎಣ್ಣೆ ತುಂಬಿದಷ್ಟೂ ಅನಿಲ ಕುಗ್ಗಿ ಒತ್ತಡ ಏರುತ್ತದೆ. ವಾಲ್ವ್ ತೆರೆದ ಕೂಡಲೇ ಆ ಅನಿಲ ಹಿಗ್ಗಿ ಎಣ್ಣೆಯನ್ನು ಹೈಡ್ರಾಲಿಕ್ ಮೋಟಾರ್‌ಗಳ ಮೂಲಕ ನುಗ್ಗಿಸುತ್ತದೆ, ಮೋಟಾರ್‌ಗಳು ದೊಡ್ಡದೊಂದು ಡ್ರಮ್ಮನ್ನು ತಿರುಗಿಸುತ್ತವೆ, ಡ್ರಮ್ಮಿಗೆ ಉಕ್ಕಿನ ಕೇಬಲ್ ಸುತ್ತಿಕೊಳ್ಳುತ್ತದೆ. ಕೇಬಲ್ಲಿಗೆ ಕಟ್ಟಿದ ಕ್ಯಾಚ್ ಕಾರ್ ಹಳಿಯ ನಡುವಿನ ತೊಟ್ಟಿಯಂಥ ಕಾಲುವೆಯಲ್ಲಿ ಓಡುತ್ತದೆ, ರೈಲಿನ ಅಡಿಯ ಕೊಕ್ಕೆ ಅದಕ್ಕೆ ಸಿಕ್ಕಿಕೊಂಡಿರುತ್ತದೆ. ಕಿಂಗ್ಡಾ ಕಾದಲ್ಲಿ ಈ ಏರ್ಪಾಟಿನ ಗರಿಷ್ಠ ಶಕ್ತಿ 20,800 ಅಶ್ವಶಕ್ತಿ. ಅಷ್ಟು ಶಕ್ತಿಯನ್ನು ಅದು ಕೊಡುತ್ತಿದ್ದದ್ದು ಮೂರೂವರೆ ಸೆಕೆಂಡ್ ಮಾತ್ರ, ಆಮೇಲೆ ಪಂಪ್‌ಗಳು ಮತ್ತೆ ಮೊದಲಿನಿಂದ ಒತ್ತಡ ಕೂಡಿಸಬೇಕು, ಕ್ಯಾಚ್ ಕಾರ್ ಹಿಂದಕ್ಕೆ ಬಂದು ನಿಲ್ಲಬೇಕು.

ಒಂದು ರೈಲಿಗೆ 18 ಜನ, ಗಂಟೆಗೆ 1,400 ಜನ ಎಂಬುದು ಕಾಗದದ ಮೇಲಿನ ಸಾಮರ್ಥ್ಯ. ಭಾಗಿಸಿ ನೋಡಿ: ಸುಮಾರು 46 ಸೆಕೆಂಡಿಗೊಂದು ಲಾಂಚ್. ಇಷ್ಟರೊಳಗೆ ಹಿಂದಿನ ರೈಲು ಗೋಪುರ ದಾಟಿರಬೇಕು, ಹಳಿಯಲ್ಲಿ ಎದ್ದು ನಿಂತ ಬ್ರೇಕ್ ಫಲಕಗಳು ಕೆಳಗಿಳಿಯಬೇಕು, ಮುಂದಿನ ರೈಲು ಸ್ವಲ್ಪ ಹಿಂದಕ್ಕೆ ಸರಿದು ಕ್ಯಾಚ್ ಕಾರಿಗೆ ಸಿಕ್ಕಿಕೊಳ್ಳಬೇಕು, ಪ್ರತಿ ಹಂತಕ್ಕೂ ಒಂದೊಂದು ಸೆನ್ಸರ್ ಸರಿ ಎನ್ನಬೇಕು. ಒಂದು ಸೆನ್ಸರ್ ಅನುಮಾನಪಟ್ಟರೆ ಕಂಪ್ಯೂಟರ್ ಲಾಂಚ್ ಬಿಡುವುದಿಲ್ಲ. ಬಿಡಲೂಬಾರದು. ಸಾಲಿನಲ್ಲಿ ನಿಂತವರಿಗೆ ಕೆಟ್ಟು ನಿಂತಂತೆ ಕಾಣುವ ಎಷ್ಟೋ ಗಳಿಗೆಗಳಲ್ಲಿ ಯಂತ್ರ ತನ್ನ ಕೆಲಸವನ್ನೇ ಮಾಡುತ್ತಿರುತ್ತದೆ. ಇದನ್ನು ಜನರಿಗೆ ಬಿಡಿಸಿ ಹೇಳುವ ಒಂದು ಫಲಕವನ್ನು ಸಾಲಿನುದ್ದಕ್ಕೆ ಹಾಕಿದ್ದರೆ ಅರ್ಧ ಸಿಟ್ಟು ತಣ್ಣಗಾಗುತ್ತಿತ್ತು.

ಇನ್ನು ರೋಲ್‌ಬ್ಯಾಕ್, ಅಂದರೆ ರೈಲು ಗೋಪುರದ ತುದಿ ದಾಟಲಾರದೆ ಹಿಂದಕ್ಕೆ ಜಾರುವುದು. ಇದರ ಲೆಕ್ಕ ಪಿಯುಸಿ ಭೌತಶಾಸ್ತ್ರದ್ದು. ಗಂಟೆಗೆ 206 ಕಿಲೋಮೀಟರ್ ಅಂದರೆ ಸೆಕೆಂಡಿಗೆ 57.2 ಮೀಟರ್. ಗಾಳಿ, ಘರ್ಷಣೆ ಏನೂ ಇಲ್ಲವೆಂದುಕೊಂಡರೆ ಈ ವೇಗಕ್ಕೆ ಸುಮಾರು 167 ಮೀಟರ್ ಏರಬಹುದು. ಗೋಪುರ 139 ಮೀಟರ್. ಉಳಿಯುವುದು 28 ಮೀಟರಿನಷ್ಟು, ಒಟ್ಟು ಶಕ್ತಿಯ ಆರನೇ ಒಂದು ಪಾಲು. ಎದುರುಗಾಳಿ, ಚಕ್ರದ ಘರ್ಷಣೆ, ತಣ್ಣಗಿನ ಬೇರಿಂಗು, ಹೆಚ್ಚು ಕಡಿಮೆ ಆಗುವ ಪ್ರಯಾಣಿಕರ ತೂಕ ಎಲ್ಲವೂ ಆ ಆರನೇ ಒಂದರಲ್ಲೇ ಮುಗಿಯಬೇಕು. ಡ್ರ್ಯಾಗ್‌ಸ್ಟರ್‌ಗೆ ಇದೇ ಲೆಕ್ಕ ಹಾಕಿದರೆ, ಗಂಟೆಗೆ 193 ಕಿಲೋಮೀಟರಿಗೆ 146 ಮೀಟರ್ ಸಿಗುತ್ತದೆ, ಗೋಪುರ 128. ಉಳಿದದ್ದು ಎಂಟನೇ ಒಂದು ಪಾಲು ಮಾತ್ರ. ವೇಗ ಹೆಚ್ಚಿಸಿಬಿಡಬಹುದಲ್ಲ ಎಂದರೆ, ಹಾಗೆ ಮಾಡಿದಾಗ ರೈಲು ತುದಿಯನ್ನು ಬೇಕಾದ್ದಕ್ಕಿಂತ ಜೋರಾಗಿ ದಾಟುತ್ತದೆ, ಭುಜ ಮತ್ತು ತೊಡೆಯ ಹಿಡಿಗಳ ಮೇಲೆ, ಹಳಿಯ ಬಾಗಿನ ಮೇಲೆ ಎಳೆತ ಏರುತ್ತದೆ. ಆದ್ದರಿಂದ ನಿಯಂತ್ರಣ ವ್ಯವಸ್ಥೆ ಹಿಂದಿನ ಓಟಗಳ ವೇಗ ನೋಡಿ ಮುಂದಿನದನ್ನು ಹೊಂದಿಸುತ್ತದೆ. ಇದ್ದಕ್ಕಿದ್ದಂತೆ ಗಾಳಿ ಬೀಸಿದರೆ ಆ ಅಂದಾಜು ತಪ್ಪುತ್ತದೆ.

ರೋಲ್‌ಬ್ಯಾಕ್ ಅಪಾಯವಲ್ಲ ಎಂಬುದನ್ನು ಸಾರ್ವಜನಿಕರು ತಿಳಿಯಬೇಕು. ರೈಲು ಹೋದ ಕೂಡಲೇ ಲಾಂಚ್ ಹಳಿಯ ಬ್ರೇಕ್ ಫಲಕಗಳು ಮೇಲೇಳುತ್ತವೆ, ಹಿಂದಕ್ಕೆ ಬಂದ ರೈಲನ್ನು ಆಯಸ್ಕಾಂತದ ಬಲದಿಂದ ನಿಧಾನಗೊಳಿಸುತ್ತವೆ. ಆಯಸ್ಕಾಂತಕ್ಕೆ ಕರೆಂಟ್ ಬೇಡ. ನಿಜವಾದ ತಲೆನೋವು ಕೇಬಲ್ ಮತ್ತು ಅದರ ದಾರಿ.

ಕಿಂಗ್ಡಾ ಕಾ ತೆರೆದು ಮೂರು ವಾರ ತುಂಬುವ ಮೊದಲೇ, 2005ರ ಜೂನ್ 8ರಂದು, ಕೇಬಲ್ ಓಡುವ ಕಾಲುವೆಯೊಳಗಿನ ಒಂದು ಬೋಲ್ಟ್ ಕಿತ್ತುಬಂತು. ಕಾಲುವೆಯ ಒಳಹೊದಿಕೆ ಜಾಗ ಬಿಟ್ಟು ಸರಿಯಿತು, ಅದಕ್ಕೆ ಉಜ್ಜಿ ಕೇಬಲ್ ಎಳೆ ಬಿಟ್ಟಿತು. ಒಂದು ಬೋಲ್ಟಿನ ಕತೆ ಇದು. ರೈಡ್ ಮತ್ತೆ ಓಡಿದ್ದು ಆಗಸ್ಟ್ 4ಕ್ಕೆ. ಮೊದಲ ಬೇಸಿಗೆಯ ಬಹುಪಾಲು ಹೀಗೇ ಹೋಯಿತು. 2009ರಲ್ಲಿ ಸಿಡಿಲು ಬಡಿದು ಮತ್ತೊಂದು ಬೇಸಿಗೆಯ ದೊಡ್ಡ ಪಾಲು ನಷ್ಟವಾಯಿತು. ಡ್ರ್ಯಾಗ್‌ಸ್ಟರ್‌ನಲ್ಲಿ 2004ರ ಜುಲೈನಲ್ಲಿ ಕೇಬಲ್ಲಿನಿಂದ ಸಿಡಿದ ಲೋಹದ ಚೂರುಗಳು ಪ್ರಯಾಣಿಕರಿಗೆ ತಗುಲಿದವು. ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್‌ನ ಎಕ್ಸೆಲರೇಟರ್‌ನಲ್ಲಿ 2009ರಲ್ಲಿ ಲಾಂಚ್ ನಡುವೆಯೇ ಕೇಬಲ್ ತುಂಡಾಗಿ ಒಬ್ಬ ಬಾಲಕನ ಕಾಲಿಗೆ ಪೆಟ್ಟಾಯಿತು. ಮೂರೂ ಒಂದೇ ವರ್ಗದ ಯಂತ್ರ.

ಉಕ್ಕಿನ ಕೇಬಲ್ ಒಳಗಿನಿಂದ ಸವೆಯುತ್ತದೆ. ಸೆಕೆಂಡಿಗೆ ಐವತ್ತು ಮೀಟರಿಗೂ ಮಿಕ್ಕಿದ ವೇಗದಲ್ಲಿ ಡ್ರಮ್ಮಿಗೆ ಸುತ್ತಿಕೊಂಡು, ಬಾಗಿ, ನೆಟ್ಟಗಾಗಿ, ದಿನಕ್ಕೆ ನೂರಾರು ಸಲ ಇದೇ ನಡೆದಾಗ ಎಳೆಗಳು ಒಂದಕ್ಕೊಂದು ಉಜ್ಜುತ್ತವೆ. ಹೊರಗಿನ ಎಳೆ ಕಡಿದರೆ ಕಣ್ಣಿಗೆ ಬೀಳುತ್ತದೆ, ಒಳಗಿನದು ಕಡಿದರೆ ಪರೀಕ್ಷೆಯ ಉಪಕರಣ ಬೇಕು. ಆದ್ದರಿಂದ ಇಂಥ ಕೇಬಲ್ಲನ್ನು ಹಾಳಾದಾಗ ಬದಲಿಸುವುದಲ್ಲ, ಇಷ್ಟು ಲಾಂಚ್ ಆದ ಮೇಲೆ ಬದಲಿಸುವುದು ಎಂದು ಲೆಕ್ಕ ಇಟ್ಟುಕೊಳ್ಳಬೇಕು. ಇದರ ಜೊತೆಗೆ ಬಿಸಿಯಾದಂತೆ ತೆಳುವಾಗುವ ಎಣ್ಣೆ, ಸೋರುವ ಸೀಲ್‌ಗಳು, ಒತ್ತಡ ಇಳಿಯುವ ನೈಟ್ರೋಜನ್, ಆ ವೇಗದ ಕಾವಿಗೆ ಗಾಲಿಯಿಂದ ಪದರವೇಳುವ ಪಾಲಿಯುರೆಥೇನ್ ಟೈರು. ಪ್ರತಿ ಬೆಳಿಗ್ಗೆ ಗೇಟು ತೆರೆಯುವ ಎಷ್ಟೋ ಮೊದಲೇ ತಂತ್ರಜ್ಞರು ಬೋಲ್ಟುಗಳ ಮೇಲೆ ಎಳೆದ ಬಣ್ಣದ ಗೆರೆ ಸರಿದಿದೆಯೇ ಎಂದು ನೋಡಿ, ಗಾಲಿಗಳನ್ನು ಮುಟ್ಟಿ ನೋಡಿ, ಹಿಡಿಗಳ ಬೀಗ ಎಳೆದು ನೋಡಿ, ಖಾಲಿ ರೈಲು ಓಡಿಸಿದ ಮೇಲೆಯೇ ಮೊದಲ ಪ್ರಯಾಣಿಕ ಹತ್ತುವುದು. ಕಿಂಗ್ಡಾ ಕಾ 19 ವರ್ಷ ಓಡಿದ್ದರ ಶ್ರೇಯಸ್ಸು ಈ ಕೈಗಳದ್ದು. ನಿವೃತ್ತಿಯ ಪ್ರಕಟಣೆಯಲ್ಲಿ ಅವರಿಗೆ ಒಂದು ಪ್ಯಾರಾ ಮೀಸಲಿಡಬೇಕಿತ್ತು.

ಡ್ರ್ಯಾಗ್‌ಸ್ಟರ್‌ನ ಕೊನೆ ಬೇರೆ ಬಗೆಯದು. 2021ರ ಆಗಸ್ಟ್ 15ರಂದು ಓಟದ ಕೊನೆಯಲ್ಲಿದ್ದ ರೈಲಿನಿಂದ ಒಂದು ಲೋಹದ ಪಟ್ಟಿ ಕಳಚಿ ಸಾಲಿನಲ್ಲಿ ನಿಂತಿದ್ದ ಮಹಿಳೆಗೆ ಬಡಿಯಿತು. ಗಾಯ ಅತ್ಯಂತ ಗಂಭೀರವಾಗಿತ್ತು. ಸೆನ್ಸರ್‌ಗೆ ರೈಲು ಬಂದದ್ದನ್ನು ತಿಳಿಸಲೆಂದು ಅಡಿಯಲ್ಲಿ ಬೋಲ್ಟ್ ಹಾಕಿ ಕೂರಿಸಿದ ಎಲ್ ಆಕಾರದ ತುಂಡು ಅದು. ಓಹಾಯೋದಲ್ಲಿ ರೈಡ್‌ಗಳ ತಪಾಸಣೆ ರಾಜ್ಯ ಕೃಷಿ ಇಲಾಖೆಯ ಕೈಯಲ್ಲಿದೆ. ಆ ಇಲಾಖೆ ತನಿಖೆ ಮಾಡಿ 2022ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು, ಪಾರ್ಕ್ ನಿಯಮ ಮುರಿದಿದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ ಎಂದಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸೀಡರ್ ಪಾಯಿಂಟ್ ಹಳೆಯ ರೂಪದ ರೈಡನ್ನು ನಿವೃತ್ತಗೊಳಿಸಿತು.

ಈ ಪ್ರಕರಣವನ್ನು ನೆನಪಿಸುವುದು ಗಾಯ ಕೆದಕಲಿಕ್ಕಲ್ಲ. ಸರ್ಕಾರದ ಒಂದು ಇಲಾಖೆ ಭಾಗದ ಹೆಸರು, ಬೋಲ್ಟಿನ ಸ್ಥಿತಿ, ತನಿಖೆಯ ಹಂತ ಎಲ್ಲವನ್ನೂ ದಾಖಲೆ ಮಾಡಿ ಹೊರಗಿಟ್ಟದ್ದರಿಂದ ಜಗತ್ತಿನ ಉಳಿದ ಪಾರ್ಕ್‌ಗಳಿಗೆ, ತಂತ್ರಜ್ಞರಿಗೆ ಪಾಠ ಸಿಕ್ಕಿತು. ಯಾರಿಗೂ ಪೆಟ್ಟಾಗದೆ ನಿವೃತ್ತವಾದ ಯಂತ್ರದಿಂದ ಅಂಥ ಪಾಠ ಸಿಗುವುದೇ ಇಲ್ಲ, ಏಕೆಂದರೆ ಬರೆಯುವಂತೆ ಯಾರೂ ಒತ್ತಾಯಿಸುವುದಿಲ್ಲ. ಅಮೆರಿಕದಲ್ಲಿ 1981ರಿಂದೀಚೆಗೆ ಪಾರ್ಕ್‌ಗಳಲ್ಲಿ ಕಾಯಂ ಆಗಿ ನೆಲೆಸಿದ ರೈಡ್‌ಗಳು ಕೇಂದ್ರದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಎಲ್ಲವೂ ಆಯಾ ರಾಜ್ಯದ ಮೇಲೆ ಬಿಟ್ಟದ್ದು. ಹಾಗಿರುವಾಗ ಪಾರ್ಕ್‌ಗಳು ತಾವಾಗಿಯೇ ಬರೆಯದಿದ್ದರೆ ಆ ಜ್ಞಾನ ಗುಜರಿಯ ಜೊತೆ ಹೋಗಿಬಿಡುತ್ತದೆ.

ಹಾಗಾಗಿ ನಿವೃತ್ತಿ ವರದಿ ಎಂಬುದೊಂದನ್ನು ಪ್ರತಿ ದೊಡ್ಡ ಕೋಸ್ಟರ್‌ಗೂ ಬರೆಯಿರಿ ಎಂದು ಕೇಳುತ್ತೇವೆ. ಹತ್ತು ಪುಟ ಸಾಕು. ಒಟ್ಟು ಎಷ್ಟು ಲಾಂಚ್ ಆಯಿತು. ಪಾರ್ಕ್ ತೆರೆದಿದ್ದ ಗಂಟೆಗಳಲ್ಲಿ ರೈಡ್ ಓಡಿದ್ದು ಎಷ್ಟು ಗಂಟೆ, ವರ್ಷವಾರು. ನಿಂತದ್ದು ಮಳೆ ಗಾಳಿಗೋ, ಲಾಂಚ್ ಯಂತ್ರಕ್ಕೋ, ರೈಲಿಗೋ, ಸೆನ್ಸರಿಗೋ, ಅಥವಾ ಸಿಬ್ಬಂದಿ ಸಾಲದೆಯೋ. ಎಷ್ಟು ಕೇಬಲ್ ಬದಲಾಯಿತು, ಒಂದೊಂದು ಎಷ್ಟು ಲಾಂಚ್ ಬಾಳಿತು. ಬಿಡಿಭಾಗ ತರಿಸಲು ಎಷ್ಟು ವಾರ ಹಿಡಿಯುತ್ತಿತ್ತು. ಗೋಪುರದ ಬೆಸುಗೆಗಳಲ್ಲಿ ಬಿರುಕು ಸಿಕ್ಕಿತ್ತೇ, ಸಿಕ್ಕಿದ್ದರೆ ಎಲ್ಲಿ. ಕೊನೆಯದಾಗಿ, ಬೇರೆ ದಾರಿಗಳನ್ನು ಯೋಚಿಸಿದ್ದಿರಾ, ಅವು ಏಕೆ ಹೊಂದಲಿಲ್ಲ. ಈ ಮಾಹಿತಿಯಲ್ಲಿ ಬಹುಪಾಲು ನಿಮ್ಮ ನಿರ್ವಹಣಾ ವಿಭಾಗದ ದಿನಚರಿ ಪುಸ್ತಕದಲ್ಲಿ ಈಗಲೇ ಇರುವಂಥದ್ದು. ವ್ಯಾಪಾರದ ಗುಟ್ಟು ಇದರಲ್ಲಿ ಇಲ್ಲ.

ಬೇರೆ ದಾರಿಗಳ ಪ್ರಶ್ನೆಯೇ ಅಭಿಮಾನಿಗಳನ್ನು ಹೆಚ್ಚು ಕಾಡಿದ್ದು. ಹೈಡ್ರಾಲಿಕ್ ತೆಗೆದು ಎಲ್‌ಎಸ್‌ಎಂ, ಅಂದರೆ ಹಳಿಯುದ್ದಕ್ಕೂ ವಿದ್ಯುತ್ ಕಾಂತಗಳನ್ನು ಸಾಲಾಗಿ ಇಟ್ಟು ರೈಲಿನ ಕಾಂತಗಳನ್ನು ಎಳೆಯುವ ವ್ಯವಸ್ಥೆ, ಹಾಕಬಹುದಿತ್ತಲ್ಲ ಎಂದು ಎಲ್ಲರೂ ಕೇಳುತ್ತಾರೆ. ಕೇಬಲ್ ಇಲ್ಲ, ಎಣ್ಣೆ ಇಲ್ಲ, ಉಜ್ಜುವ ಭಾಗವೇ ಇಲ್ಲ. ಸೌದಿಯ ಕಿದ್ದಿಯಾದಲ್ಲಿ ಇದೇ ಇಂಟಮಿನ್ ಕಟ್ಟಿದ ಫಾಲ್ಕನ್ಸ್ ಫ್ಲೈಟ್‌ಗೂ ಎಲ್‌ಎಸ್‌ಎಂ ಇದೆ. ಆದರೆ ಅಷ್ಟು ಸುಲಭವಲ್ಲ. ಕಿಂಗ್ಡಾ ಕಾ ನೂರು ಮೀಟರಿನಷ್ಟು ಹಳಿಯಲ್ಲಿ, ಸರಾಸರಿ 1.67 ಜಿ (ಭೂಮಿಯ ಗುರುತ್ವದ 1.67 ಪಟ್ಟು) ಎಳೆತದಲ್ಲಿ ಪೂರ್ತಿ ವೇಗ ಮುಟ್ಟುತ್ತಿತ್ತು. ಅದೇ ನೂರು ಮೀಟರಿನಲ್ಲಿ ಅದೇ ವೇಗವನ್ನು ಕಾಂತಗಳಿಂದ ಪಡೆಯಬೇಕಾದರೆ ಕ್ಷಣಮಾತ್ರಕ್ಕೆ ಬೇಕಾಗುವ ವಿದ್ಯುತ್ತು ಅಗಾಧ. ಸೀಡರ್ ಪಾಯಿಂಟ್ ಇದಕ್ಕೆ ಉಪಾಯ ಕಂಡುಕೊಂಡಿತು. ಝಾಂಪರ್ಲಾ ಕಂಪನಿಯ ಜೊತೆ ಸೇರಿ ಹಿಂಬದಿಗೆ ಇನ್ನೊಂದು 420 ಅಡಿಯ ಗೋಪುರ ನಿಲ್ಲಿಸಿ, ರೈಲನ್ನು ಮೊದಲು ಮುಂದಕ್ಕೆ ಗಂಟೆಗೆ 119 ಕಿಲೋಮೀಟರ್, ಆಮೇಲೆ ಹಿಂದಕ್ಕೆ 163, ಮೂರನೆಯ ಸಲ ಮುಂದಕ್ಕೆ 193 ಎಂದು ತೂಗಿ ತೂಗಿ ಎತ್ತುವ ಏರ್ಪಾಟು ಮಾಡಿತು. ಹೆಸರು ಟಾಪ್ ಥ್ರಿಲ್ 2.

ಅದು 2024ರ ಮೇ 4ಕ್ಕೆ ತೆರೆಯಿತು. ಮೇ 12ರ ಹೊತ್ತಿಗೆ ನಿಂತಿತು. ರೈಲುಗಳಿಗೆ ಮಾರ್ಪಾಟು ಬೇಕಾಗಿ ಆ ವರ್ಷ ಪೂರ್ತಿ ಮುಚ್ಚಿ, 2025ರ ಮೇ ತಿಂಗಳಿನಲ್ಲಿ ಮತ್ತೆ ಓಡಿತು. ಲಾಂಚ್ ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಇದನ್ನೂ ನೆನಪಿಡಬೇಕು. ಹಳಿ, ರೈಲು, ಲಾಂಚ್ ಮೂರೂ ಒಂದಕ್ಕೊಂದು ಹೊಂದಿ ರೂಪುಗೊಂಡವು, ಒಂದನ್ನು ಕಿತ್ತು ಬದಲಿಸಿದಾಗ ಉಳಿದೆರಡಕ್ಕೂ ಹೊಸ ಭಾರ ಬೀಳುತ್ತದೆ. ಕಿಂಗ್ಡಾ ಕಾ ವಿಷಯದಲ್ಲಿ ನೀವು ಇದೇ ಲೆಕ್ಕ ಹಾಕಿ ಬೇಡವೆಂದಿರಬಹುದು. ಹಾಕಿದ್ದರೆ ಆ ಲೆಕ್ಕವನ್ನು ತೋರಿಸಿ. ಅಭಿಮಾನಿಗಳು ಒಪ್ಪುತ್ತಾರೆ. ಇಷ್ಟು ಓದಿಕೊಂಡ ಗ್ರಾಹಕರು ಬೇರೆ ಯಾವ ವ್ಯಾಪಾರಕ್ಕೂ ಸಿಗುವುದು ಅಪರೂಪ.

ಹೈಡ್ರಾಲಿಕ್ ಲಾಂಚ್ ಎಂಬುದೇ ತಪ್ಪು ಎನ್ನುವ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. ಇಂಗ್ಲೆಂಡಿನ ಥಾರ್ಪ್ ಪಾರ್ಕ್‌ನ ಸ್ಟೆಲ್ತ್ 2006ರಿಂದ ಇದೇ ತಂತ್ರದಲ್ಲಿ ಓಡಿದೆ. ಅಬುಧಾಬಿಯ ಫಾರ್ಮುಲಾ ರೊಸ್ಸಾ 2010ರಲ್ಲಿ ಇದೇ ತಂತ್ರದಿಂದ ಗಂಟೆಗೆ 240 ಕಿಲೋಮೀಟರ್ ಮುಟ್ಟಿತು, ಆದರೆ ಅದು ಏರುವ ಎತ್ತರ 52 ಮೀಟರ್ ಮಾತ್ರ. ಸ್ವೀಡನ್ನಿನ ಲಿಸೆಬೆರಿ ಪಾರ್ಕ್ 2016ರಲ್ಲಿ ಕನೋನೆನ್ ಕೋಸ್ಟರ್ ಓಡಿಸುವುದನ್ನು ನಿಲ್ಲಿಸಿದಾಗ ಅದನ್ನು ಬಿಚ್ಚಿ ಮಾರಿತು. ಇಂದು ಅದೇ ಹಳಿ ಅಮೆರಿಕದ ಅಯೋವಾದಲ್ಲಿ, ಲಾಸ್ಟ್ ಐಲ್ಯಾಂಡ್ ಪಾರ್ಕ್‌ನಲ್ಲಿ ಮಟುಗಾನಿ ಎಂಬ ಹೆಸರಿನಲ್ಲಿದೆ. ಒಂದು ಪಾರ್ಕಿಗೆ ಬೇಡವಾದದ್ದು ಇನ್ನೊಂದಕ್ಕೆ ಬೇಕಾಗಬಹುದು. 139 ಮೀಟರಿನ ಗೋಪುರವನ್ನು ಹಾಗೆ ಸಾಗಿಸಲಾಗದು, ನಿಜ. ರೈಲನ್ನು ಸಾಗಿಸಬಹುದು.

ದೇಹಕ್ಕೇ ಒಗ್ಗದ ಯಂತ್ರಗಳೂ ಇದ್ದವು, ಅವನ್ನು ಉಳಿಸಿ ಎಂದು ಹೇಳುವುದು ಹಟವಾದೀತು. ಜಪಾನಿನ ಫ್ಯೂಜಿ ಕ್ಯೂ ಪಾರ್ಕ್‌ನ ಡೊ ಡೊಡೊಂಪಾ ಒತ್ತಿ ತುಂಬಿದ ಗಾಳಿಯಿಂದ 1.56 ಸೆಕೆಂಡಿನಲ್ಲಿ ಗಂಟೆಗೆ 180 ಕಿಲೋಮೀಟರ್ ಮುಟ್ಟುತ್ತಿತ್ತು. ಪ್ರಯಾಣಿಕರ ಮೂಳೆ ಮುರಿದ ದೂರುಗಳು ಬಂದು 2021ರ ಆಗಸ್ಟ್‌ನಲ್ಲಿ ನಿಂತಿತು, 2024ರ ಮಾರ್ಚ್‌ನಲ್ಲಿ ಕಾಯಂ ಮುಚ್ಚಿದರು. ಓಹಾಯೋದ ಕಿಂಗ್ಸ್ ಐಲ್ಯಾಂಡ್‌ನಲ್ಲಿ 2000ದಲ್ಲಿ ತೆರೆದ ಸನ್ ಆಫ್ ಬೀಸ್ಟ್, ಮರದ ಚೌಕಟ್ಟಿನ ದೈತ್ಯ, 2006ರ ಜುಲೈನಲ್ಲಿ ಮರದ ಭಾಗ ಮುರಿದು 27 ಜನರಿಗೆ ಗಾಯವಾಯಿತು. ಸುರುಳಿ ತೆಗೆದರು, ರೈಲು ಬದಲಿಸಿದರು, ಆದರೂ 2009ರಲ್ಲಿ ನಿಂತದ್ದು ಮತ್ತೆ ಏಳಲಿಲ್ಲ. 2012ರಲ್ಲಿ ಕೆಡವಿದರು. ಅದೇ ಜಾಗದಲ್ಲಿ 2014ರಲ್ಲಿ ಬ್ಯಾನ್‌ಶೀ ಕಟ್ಟಿದಾಗ ಹಳೆಯ ಕೋಸ್ಟರ್ ಹೆಸರಿನಲ್ಲಿ ಒಂದು ಸಮಾಧಿಕಲ್ಲನ್ನೂ ನಿಲ್ಲಿಸಿದರು. ಸಣ್ಣ ಕೆಲಸ. ಅಭಿಮಾನಿಗಳು ಇಂದಿಗೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಮುಂಚಿತವಾಗಿ ತಿಳಿಸುವ ವಿಷಯಕ್ಕೆ ಬರೋಣ. ಇದು ಆಗದ ಕೆಲಸವಲ್ಲ, ಮಾಡಿದವರಿದ್ದಾರೆ. ಅದೇ ಕಿಂಗ್ಸ್ ಐಲ್ಯಾಂಡ್ 2019ರ ಸೆಪ್ಟೆಂಬರ್ ಕೊನೆಯಲ್ಲಿ ವೋರ್ಟೆಕ್ಸ್ ಕೋಸ್ಟರ್‌ನ ನಿವೃತ್ತಿ ಹೇಳಿ, ಅಕ್ಟೋಬರ್ 27ರವರೆಗೆ ಓಡಿಸಿತು. ಜನ ತಂಡ ತಂಡವಾಗಿ ಬಂದರು, ಟಿಕೆಟ್ಟೂ ಮಾರಾಟವಾಯಿತು. ಸೀಡರ್ ಪಾಯಿಂಟ್ 2016ರಲ್ಲಿ ಮೀನ್ ಸ್ಟ್ರೀಕ್ ನಿಲ್ಲಿಸುವುದನ್ನು ಆಗಸ್ಟ್‌ನಲ್ಲೇ ಹೇಳಿ ಸೆಪ್ಟೆಂಬರ್ ನಡುವಿನವರೆಗೆ ನಡೆಸಿತು. ಅದರ ಮರದ ಚೌಕಟ್ಟಿನ ಮೇಲೆ ಉಕ್ಕಿನ ಹಳಿ ಬಂದು 2018ರಲ್ಲಿ ಸ್ಟೀಲ್ ವೆಂಜೆನ್ಸ್ ಆಯಿತು. ಇಂಗ್ಲೆಂಡಿನ ಆಲ್ಟನ್ ಟವರ್ಸ್ ನೆಮೆಸಿಸ್ ಕೋಸ್ಟರನ್ನು 2022ರ ನವೆಂಬರ್‌ನಲ್ಲಿ ಮೊದಲೇ ತಿಳಿಸಿ ಮುಚ್ಚಿ, ಹೊಸ ಹಳಿ ಹಾಕಿ 2024ರ ಮಾರ್ಚ್‌ನಲ್ಲಿ ತೆರೆಯಿತು. ಮೂರು ಉದಾಹರಣೆಗಳಲ್ಲೂ ಪಾರ್ಕಿಗೆ ನಷ್ಟವಾದ ಲಕ್ಷಣ ಕಾಣುವುದಿಲ್ಲ.

ನಿಮ್ಮ ಆತಂಕ ಏನಿರಬಹುದೆಂದು ಊಹಿಸಬಲ್ಲೆವು. ವೋರ್ಟೆಕ್ಸ್ ದಿನವೂ ಓಡುತ್ತಿದ್ದ ಯಂತ್ರ. ಕಿಂಗ್ಡಾ ಕಾದಂಥದ್ದಕ್ಕೆ ಕೊನೆಯ ದಿನ ಎಂದು ಘೋಷಿಸಿ, ದೇಶ ವಿದೇಶದಿಂದ ಜನ ಬಂದು, ಅದೇ ದಿನ ಗಾಳಿ ಜೋರಾಗಿಯೋ ಸೆನ್ಸರ್ ಹಟ ಹಿಡಿದೋ ನಿಂತುಬಿಟ್ಟರೆ ಗಲಾಟೆಯಾಗುತ್ತದೆ. ನ್ಯಾಯವಾದ ಭಯ. ಇದಕ್ಕೆ ಪರಿಹಾರ ಒಂದು ದಿನಾಂಕ ಕೊಡುವುದರ ಬದಲು ಅವಧಿ ಕೊಡುವುದು. ಈ ಋತುವಿನ ನಂತರ ಇದು ಇರುವುದಿಲ್ಲ ಎಂದು ಆಗಸ್ಟ್‌ನಲ್ಲೇ ಹೇಳಿ. ಯಾವ ದಿನ ಓಡುತ್ತದೆ ಎಂಬ ಭರವಸೆ ಇಲ್ಲವೆಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಬೆಳಿಗ್ಗೆ ಗೇಟಿನಲ್ಲೇ, ಟಿಕೆಟ್ ಕೊಳ್ಳುವ ಮುಂಚೆಯೇ, ರೈಡ್‌ನ ಸ್ಥಿತಿ ತೋರಿಸಿ. ಕೊನೆಯ ವಾರಾಂತ್ಯಗಳಿಗೆ ಸಮಯ ನಿಗದಿಮಾಡಿದ ಚೀಟಿ ಕೊಡಿ, ನಾಲ್ಕು ಗಂಟೆ ಬಿಸಿಲಲ್ಲಿ ಸಾಲು ನಿಲ್ಲಿಸಬೇಡಿ. ಓಡದ ದಿನ ಬಂದವರಿಗೆ ಕನಿಷ್ಠ ನಿಲ್ದಾಣದ ಒಳಗೆ, ನಿಂತ ರೈಲಿನ ಪಕ್ಕ ನಡೆದು ಬರುವ ಅವಕಾಶ ಮಾಡಿಕೊಡಿ. ತಂತ್ರಜ್ಞರೊಬ್ಬರು ಹತ್ತು ನಿಮಿಷ ನಿಂತು ಕ್ಯಾಚ್ ಕಾರ್ ತೋರಿಸಿ ವಿವರಿಸಿದರೆ, ಓಡದ ರೈಡ್‌ಗೂ ಜನ ತೃಪ್ತಿಯಿಂದ ಮನೆಗೆ ಹೋಗುತ್ತಾರೆ.

ಯಂತ್ರ ಹಠಾತ್ತಾಗಿ ಕೆಟ್ಟು, ಮತ್ತೆ ಓಡಿಸುವುದೇ ಅಪಾಯ ಎಂದಾದರೆ ಒಂದು ದಿನವೂ ಓಡಿಸಬೇಡಿ. ಆ ಮಾತನ್ನೇ ಹೇಳಿ, ಸಾಕು.

ಕೆಡವುವ ಮೊದಲು ಏನನ್ನು ಉಳಿಸಬೇಕು ಎಂಬುದಕ್ಕೆ ನಮ್ಮಲ್ಲಿ ಒಂದು ಅಂದಾಜಿದೆ. ಹೈಡ್ರಾಲಿಕ್ ಕೋಸ್ಟರ್ ಆದರೆ ಒಂದು ಪೂರ್ತಿ ಬೋಗಿ, ಒಂದು ಕ್ಯಾಚ್ ಕಾರ್, ಬಳಸಿದ ಕೇಬಲ್ಲಿನ ಒಂದೆರಡು ಮೀಟರ್ ತುಂಡು (ಅಡ್ಡಕ್ಕೆ ಕತ್ತರಿಸಿದ ಮುಖ ಕಾಣುವಂತೆ), ಒಂದು ಅಕ್ಯುಮ್ಯುಲೇಟರ್, ಹಳಿಯ ಒಂದು ತುಂಡು, ಚಾಲಕರು ಕೂರುತ್ತಿದ್ದ ನಿಯಂತ್ರಣ ಫಲಕ. ಇಷ್ಟೂ ಒಂದು ದೊಡ್ಡ ಲಾರಿಗೆ ಹಿಡಿಸುತ್ತದೆ. ಅಕ್ಯುಮ್ಯುಲೇಟರ್‌ನಿಂದ ಮೊದಲು ನೈಟ್ರೋಜನ್ ಒತ್ತಡ ಪೂರ್ತಿ ಇಳಿಸಬೇಕು, ಆಮೇಲೆ ಎಣ್ಣೆ ಬಸಿಯಬೇಕು, ವಾಲ್ವ್ ಬಿಚ್ಚಿ ತೆರೆದಿಡಬೇಕು. ಒತ್ತಡ ಇರುವಾಗ ಕತ್ತರಿಸಲು ಹೋದರೆ ಪ್ರಾಣಾಪಾಯ. ಪ್ರತಿ ತುಂಡಿನ ಮೇಲೆ ಅದು ಎಲ್ಲಿತ್ತು, ಯಾವ ವರ್ಷ ಹಾಕಿದ್ದು ಎಂದು ಬಣ್ಣದಲ್ಲಿ ಬರೆಯಬೇಕು, ಇಲ್ಲವಾದರೆ ಹತ್ತು ವರ್ಷ ಬಿಟ್ಟು ಅದು ಬರೀ ಕಬ್ಬಿಣ. ಟೆಕ್ಸಾಸ್‌ನ ಪ್ಲೇನ್‌ವ್ಯೂನಲ್ಲಿ ರಾಷ್ಟ್ರೀಯ ರೋಲರ್ ಕೋಸ್ಟರ್ ಮ್ಯೂಸಿಯಂ ಇದೆ, ಇಂಥವನ್ನು ಕಾಪಾಡಲೆಂದೇ ಇರುವ ಜಾಗ. ನಕ್ಷೆಗಳನ್ನು, ನಿರ್ವಹಣಾ ಕೈಪಿಡಿಯನ್ನು ಕೂಡ ಅಲ್ಲಿಗೆ ಕೊಡಿ. ತಯಾರಕರ ಹಕ್ಕು ಅಡ್ಡಬಂದರೆ ಇಪ್ಪತ್ತು ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುವ ಷರತ್ತಿನ ಮೇಲೆ ಕೊಡಿ. ಉಳಿದ ಬೋಲ್ಟು, ಗಾಲಿಗಳನ್ನು ಸ್ವಚ್ಛ ಮಾಡಿ, ನಂಬರ್ ಹಾಕಿ ಮಾರಿದರೆ ಕೊಳ್ಳಲು ಜನ ಸಾಲು ನಿಲ್ಲುತ್ತಾರೆ. ಆ ಹಣವನ್ನು ತಂತ್ರಜ್ಞರ ತರಬೇತಿಗೆ ಇಟ್ಟರೆ ಇನ್ನೂ ಒಳ್ಳೆಯದು.

ಅಭಿಮಾನಿಗಳಿಗೂ ಎರಡು ಮಾತು ಇಲ್ಲೇ ಹೇಳಬೇಕು. ರೈಡ್ ನಿಂತಾಗ ವೇದಿಕೆಯ ಮೇಲಿರುವ ಇಪ್ಪತ್ತರ ಹುಡುಗ ಹುಡುಗಿಯರ ಮೇಲೆ ಕೂಗಾಡಬೇಡಿ, ನಿಲ್ಲಿಸುವ ತೀರ್ಮಾನ ಅವರದ್ದಲ್ಲ. ಕೆಡವುವ ಜಾಗಕ್ಕೆ ಬೇಲಿ ಹಾರಿ ಹೋಗಿ ನೆನಪಿಗೆಂದು ಬೋಲ್ಟ್ ಎತ್ತಿಕೊಂಡು ಬರಬೇಡಿ. ಅರೆ ಕತ್ತರಿಸಿದ ಉಕ್ಕು ಯಾವ ಗಳಿಗೆಯಲ್ಲಿ ಬೀಳುತ್ತದೋ ಹೇಳಲಾಗದು. ರೈಡ್ ಕೆಟ್ಟ ಪ್ರತಿ ಸಲವೂ ಅಪಘಾತವೆಂದು ಸುದ್ದಿ ಹಬ್ಬಿಸುವುದು ನಾವು ಪ್ರೀತಿಸುವ ಯಂತ್ರಗಳಿಗೇ ಮುಳುವಾಗುತ್ತದೆ.

ಭಾರತದ ಪಾರ್ಕ್‌ಗಳಿಗೂ ಈ ಪತ್ರ ಸಲ್ಲುತ್ತದೆ. ಬಿಡದಿಯ ವಂಡರ್‌ಲಾ ಕೂಡ ಕಿಂಗ್ಡಾ ಕಾ ಹುಟ್ಟಿದ 2005ರಲ್ಲೇ ತೆರೆದದ್ದು. ಇಪ್ಪತ್ತು ವರ್ಷ ದಾಟಿದ ಯಾವ ಪಾರ್ಕಿನಲ್ಲೂ ಹಳೆಯ ರೈಡ್‌ಗಳನ್ನು ಇಳಿಸುವ ದಿನ ಬರುತ್ತದೆ. ಶಾಲಾ ಪ್ರವಾಸದಲ್ಲಿ ಬಂದು ಹತ್ತಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರಿಗೂ ಮುಂಚೆ ತಿಳಿಯಲಿ.

ಕೊನೆಯದಾಗಿ ಮುಂದೆ ಕಟ್ಟುವ ಕೋಸ್ಟರ್‌ಗಳ ವಿಷಯ. ಕಿಂಗ್ಡಾ ಕಾ ನಿಲ್ಲಿಸುವಾಗಲೇ ಹಲವು ದಾಖಲೆ ಮುರಿಯುವ ಹೊಸ ಲಾಂಚ್ ಕೋಸ್ಟರ್ ಬರುತ್ತದೆ ಎಂದು ಸಿಕ್ಸ್ ಫ್ಲ್ಯಾಗ್ಸ್ ಹೇಳಿತ್ತು. ದಾಖಲೆ ಮುರಿಯಲೇಬೇಕೆಂಬ ಹಂಬಲದಿಂದ ಹುಟ್ಟಿದ ತೆಳ್ಳಗಿನ ಅಂತರವೇ ಆ ಆರನೇ ಒಂದು ಪಾಲು, ಎಂಟನೇ ಒಂದು ಪಾಲು. ಹೊಸದನ್ನು ಕಟ್ಟುವಾಗ ತಯಾರಕರ ಜೊತೆಗಿನ ಒಪ್ಪಂದದಲ್ಲಿ ಎತ್ತರ, ವೇಗಗಳ ಪಕ್ಕದಲ್ಲೇ ಇನ್ನೊಂದು ಅಂಕಿ ಬರೆಸಿ: ಮೊದಲ ಮೂರು ವರ್ಷ, ಹವಾಮಾನದ ನಿಲುಗಡೆ ಬಿಟ್ಟು, ಪಾರ್ಕ್ ತೆರೆದಿರುವ ಗಂಟೆಗಳಲ್ಲಿ ಶೇಕಡಾ ಎಷ್ಟು ಹೊತ್ತು ಇದು ಓಡಲೇಬೇಕು ಎಂದು. ನೀರು ತುಂಬಿದ ಬೊಂಬೆಗಳನ್ನು ಕೂರಿಸಿ ಓಡಿಸುವ ಪರೀಕ್ಷೆಯ ಓಟಗಳು ಎಷ್ಟಾದವೆಂದು ತೆರೆಯುವ ಮೊದಲು ಪ್ರಕಟಿಸಿ. ಆ ಓಟಗಳಲ್ಲಿ ಅರ್ಧದಷ್ಟನ್ನಾದರೂ ಪೂರ್ತಿ ಭಾರದಲ್ಲಿ, ಪೂರ್ತಿ ದಿನದ ಬಿಸಿಲಿನಲ್ಲಿ, ಗಂಟೆಗೆ ಪೂರ್ಣ ಸಾಮರ್ಥ್ಯದ ಲಾಂಚ್‌ಗಳೊಂದಿಗೆ ಮಾಡಿ. ಎಣ್ಣೆ, ಮೋಟಾರು, ಗಾಲಿ ಯಾವುದು ಬಿಸಿಯಾಗುತ್ತದೆಂದು ಗೊತ್ತಾಗುವುದು ಹಾಗೆ ಓಡಿಸಿದಾಗಲೇ. ತೆರೆಯುವ ದಿನಾಂಕವನ್ನು ಈ ಪರೀಕ್ಷೆ ಮುಗಿದ ಮೇಲೆ ಘೋಷಿಸಿ. ಒಂದು ತಿಂಗಳು ತಡವಾದರೆ ಅಭಿಮಾನಿಗಳು ಕಾಯುತ್ತಾರೆ.

ಕಿಂಗ್ಡಾ ಕಾದ ನಿರ್ವಹಣಾ ದಿನಚರಿಯನ್ನು ಮೊದಲ ನಿವೃತ್ತಿ ವರದಿಯಾಗಿ ಪ್ರಕಟಿಸಬೇಕೆಂದೂ, ಅದರ ಯಾವ ಯಾವ ಭಾಗಗಳು ಉಳಿದಿವೆ, ಎಲ್ಲಿವೆ ಎಂಬ ಪಟ್ಟಿಯನ್ನು ಅದರ ಜೊತೆಗೇ ಕೊಡಬೇಕೆಂದೂ ಕೋರುತ್ತೇವೆ.

ಇಂತಿ,
ರೋಲರ್ ಕೋಸ್ಟರ್‌ಗಳನ್ನು ಪ್ರೀತಿಸುವ ಕನ್ನಡಿಗರು